ನೌಕಾಪಡೆಯ ಮುಖ್ಯಸ್ಥರನ್ನು ಆರಿಸುವುದು ಯಾರು?



ಎರಡು ಮೂರು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಒಂದು ಸುದ್ದಿ ಬರುತ್ತದೆ. 'ನೌಕಾಪಡೆಗೆ ಹೊಸ ಮುಖ್ಯಸ್ಥ' ಅಂತ ತಲೆಬರಹ. ಪಕ್ಕದಲ್ಲಿ ಬಿಳಿ ಸಮವಸ್ತ್ರ ಹಾಕಿದ ಅಧಿಕಾರಿಯ ಫೋಟೋ. ನಾವು ಫೋಟೋ ನೋಡಿ ಪುಟ ಮಗುಚುತ್ತೇವೆ. ಇವತ್ತು ಸ್ವಲ್ಪ ನಿಂತು ಯೋಚನೆ ಮಾಡೋಣ. ಇವರನ್ನು ಆ ಕುರ್ಚಿಯಲ್ಲಿ ಕೂರಿಸಿದವರು ಯಾರು?

ಪಂಚಾಯತ್ ಸದಸ್ಯರನ್ನು ನಾವು ಮತ ಹಾಕಿ ಆರಿಸುತ್ತೇವೆ. ಹಾಲಿನ ಸೊಸೈಟಿಯ ಅಧ್ಯಕ್ಷರ ಆಯ್ಕೆಯಲ್ಲೂ ಸದಸ್ಯರ ಮಾತು ಉಂಟು. ಆದರೆ ಯುದ್ಧನೌಕೆ, ಜಲಾಂತರ್ಗಾಮಿ, ಕ್ಷಿಪಣಿ ಇವೆಲ್ಲ ಯಾರ ಮಾತು ಕೇಳುತ್ತವೆಯೋ ಅವರನ್ನು ಆರಿಸುವಾಗ ನಮ್ಮ ಮನೆಗೆ ಯಾರೂ ಓಟು ಕೇಳಲು ಬರುವುದಿಲ್ಲ. ಹಾಗಾದರೆ ನಮಗೂ ಅದಕ್ಕೂ ಸಂಬಂಧವೇ ಇಲ್ಲವಾ? ಉಂಟು. ಅದು ಹೇಗೆ ಅಂತ ಈ ಪಾಠದಲ್ಲಿ ತಿಳಿಯೋಣ.

ಕಡಲಿನಲ್ಲಿ ಮೂರು ಕಾವಲು

ಕಾಸರಗೋಡಿನವರಿಗೆ ಕಡಲು ಹೊಸದಲ್ಲ. ಆದರೂ ಕಡಲು ಕಾಯುವವರು ಯಾರು ಯಾರು ಅನ್ನುವುದರಲ್ಲಿ ಹಲವರಿಗೆ ಗೊಂದಲ ಆಗುತ್ತದೆ. ದಡದ ಹತ್ತಿರ ಬೋಟಿನಲ್ಲಿ ಬಂದು ಮೀನುಗಾರರ ಕಾಗದ ಪತ್ರ ನೋಡುವವರು ಕರಾವಳಿ ಪೊಲೀಸರು. ಅವರು ರಾಜ್ಯ ಸರಕಾರದವರು. ಅವರಿಗಿಂತ ಆಚೆ, ಕಡಲಿನ ಒಳಗೆ ಕಾವಲು ಕಾಯುವವರು ಕೋಸ್ಟ್ ಗಾರ್ಡ್. ಕಳ್ಳಸಾಗಣೆ ತಡೆಯುವುದು, ಮುಳುಗುವ ಬೋಟಿನವರನ್ನು ಕಾಪಾಡುವುದು ಇವರ ಕೆಲಸ. 1978ರ ಒಂದು ಕಾನೂನಿನ ಪ್ರಕಾರ ಈ ಪಡೆ ನಡೆಯುತ್ತದೆ. ಅದರ ಮುಖ್ಯಸ್ಥರಿಗೆ ಮಹಾನಿರ್ದೇಶಕರು ಅಂತ ಹೆಸರು.

ಮೂರನೆಯದು ನೌಕಾಪಡೆ. ಯುದ್ಧ ಬಂದರೆ ಕಡಲಿನಲ್ಲಿ ಹೋರಾಡುವುದು ಇದೇ. ನೆಲಕ್ಕೆ ಭೂಸೇನೆ, ಆಕಾಶಕ್ಕೆ ವಾಯುಪಡೆ ಇದ್ದ ಹಾಗೆ ಕಡಲಿಗೆ ನೌಕಾಪಡೆ. ಇದಕ್ಕೆ ಮೂರು ಕಮಾಂಡ್‌ಗಳುಂಟು. ಪಶ್ಚಿಮದ್ದು ಮುಂಬೈಯಲ್ಲಿ, ಪೂರ್ವದ್ದು ವಿಶಾಖಪಟ್ಟಣದಲ್ಲಿ, ದಕ್ಷಿಣದ್ದು ನಮ್ಮ ಕೊಚ್ಚಿಯಲ್ಲಿ. ಉತ್ತರಕ್ಕೆ ಹೋದರೆ ಕಾರವಾರದಲ್ಲಿ 'ಕದಂಬ' ಅನ್ನುವ ದೊಡ್ಡ ನೌಕಾನೆಲೆ ಉಂಟು. ದಕ್ಷಿಣಕ್ಕೆ, ನಮ್ಮ ಜಿಲ್ಲೆಯ ಗಡಿ ದಾಟಿದ ಕೂಡಲೇ, ಪಯ್ಯನ್ನೂರಿನ ಹತ್ತಿರ ಏಳಿಮಲದಲ್ಲಿ ನೌಕಾ ಅಕಾಡೆಮಿ ಉಂಟು. ಎಲ್ಲ ಕಮಾಂಡ್‌ಗಳ ಮೇಲೆ ದೆಹಲಿಯಲ್ಲಿ ಕೂರುವವರೇ ನೌಕಾಪಡೆಯ ಮುಖ್ಯಸ್ಥರು.

ಮೊದಲು ಆರಿಸುತ್ತಿದ್ದವರು ಬೇರೆ

1947ರಲ್ಲಿ ಸ್ವಾತಂತ್ರ್ಯ ಬಂತು. ಬ್ರಿಟಿಷರು ಹೋದರು ಅಂತ ನಾವು ಹೇಳುತ್ತೇವೆ. ಆದರೆ ನೌಕಾಪಡೆಯ ಮೇಲಿನ ಕುರ್ಚಿಯಿಂದ ಅವರು ಕೂಡಲೇ ಹೋಗಲಿಲ್ಲ. 1947ರಿಂದ 1958ರವರೆಗೆ ನಾಲ್ಕು ಮಂದಿ ಬ್ರಿಟಿಷ್ ಅಧಿಕಾರಿಗಳು ಒಬ್ಬರ ನಂತರ ಒಬ್ಬರು ನಮ್ಮ ನೌಕಾಪಡೆಯನ್ನು ನಡೆಸಿದರು. ಹಾಲ್, ಪ್ಯಾರಿ, ಪಿಜಿ, ಕಾರ್ಲಿಲ್ ಅಂತ ಅವರ ಹೆಸರು.

ಭೂಸೇನೆಯಲ್ಲಿ ಹಾಗಾಗಲಿಲ್ಲ. ಕೊಡಗಿನ ಕಾರ್ಯಪ್ಪನವರು 1949 ಜನವರಿ 15ರಂದೇ ಭೂಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ನೌಕಾಪಡೆಗೆ ಎಂತಕ್ಕೆ ಇಷ್ಟು ತಡ ಆಯಿತು? ಬ್ರಿಟಿಷರ ಕಾಲದಲ್ಲಿ ಭಾರತದ ನೌಕಾಪಡೆ ಸಣ್ಣದು. ಅದರಲ್ಲಿ ಮೇಲಿನ ಹುದ್ದೆಗೆ ಏರಿದ ಭಾರತೀಯರು ಬಹಳ ಕಡಿಮೆ. ಹಡಗುಗಳ ದೊಡ್ಡ ಪಡೆಯನ್ನು ನಡೆಸುವ ಅನುಭವ ಒಂದು ದಿನದಲ್ಲಿ ಬರುವುದಿಲ್ಲ. ಆ ಅನುಭವ ಬರುವವರೆಗೆ ಕಾಯಬೇಕಾಯಿತು.

ಕೊನೆಗೆ 1958 ಏಪ್ರಿಲ್ 22ರಂದು ವೈಸ್ ಅಡ್ಮಿರಲ್ ರಾಮದಾಸ್ ಕಟಾರಿ ಅಧಿಕಾರ ವಹಿಸಿಕೊಂಡರು. ಆ ಹುದ್ದೆಗೆ ಏರಿದ ಮೊದಲ ಭಾರತೀಯ ಅವರು. ಹುದ್ದೆಯ ಹೆಸರು ಅದಕ್ಕಿಂತ ಮೊದಲೇ, 1955ರಲ್ಲಿ, ಬದಲಾಗಿತ್ತು. ಅಲ್ಲಿವರೆಗೆ 'ಕಮಾಂಡರ್ ಇನ್ ಚೀಫ್' ಅನ್ನುತ್ತಿದ್ದರು. ಆಮೇಲೆ 'ಚೀಫ್ ಆಫ್ ದಿ ನೇವಲ್ ಸ್ಟಾಫ್' ಆಯಿತು. ಇದು ಬರೀ ಹೆಸರಿನ ವಿಷಯ ಅಲ್ಲ. ಪ್ರಜಾಪ್ರಭುತ್ವದಲ್ಲಿ ಸೇನೆಗಳ ಸರ್ವೋಚ್ಚ ಅಧಿಕಾರ ಸೇನಾಧಿಕಾರಿಯದ್ದಲ್ಲ. ನಮ್ಮ ಸಂವಿಧಾನದ 53ನೇ ವಿಧಿಯ ಪ್ರಕಾರ ಅದು ರಾಷ್ಟ್ರಪತಿಯವರದ್ದು. ರಾಷ್ಟ್ರಪತಿಯವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಮಂತ್ರಿಮಂಡಲ ಲೋಕಸಭೆಗೆ ಉತ್ತರ ಹೇಳಬೇಕು. ಲೋಕಸಭೆಗೆ ಆರಿಸಿ ಕಳಿಸುವವರು ನಾವು. ಈ ಸರಪಳಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಒಂಬತ್ತು ಮೆಟ್ಟಿಲು, ನಲವತ್ತು ವರ್ಷ

ಹೊರಗಿನವರನ್ನು ಯಾರನ್ನೋ ತಂದು ನೌಕಾಪಡೆಯ ಮುಖ್ಯಸ್ಥ ಮಾಡಲು ಆಗುವುದಿಲ್ಲ. ಕೆಳಗಿನ ಮೆಟ್ಟಿಲಿನಿಂದಲೇ ಹತ್ತಿ ಬರಬೇಕು. ಅಧಿಕಾರಿಗಳ ಮೆಟ್ಟಿಲು ಹೀಗೆ ಉಂಟು: ಸಬ್ ಲೆಫ್ಟಿನೆಂಟ್, ಲೆಫ್ಟಿನೆಂಟ್, ಲೆಫ್ಟಿನೆಂಟ್ ಕಮಾಂಡರ್, ಕಮಾಂಡರ್, ಕ್ಯಾಪ್ಟನ್, ಕಮೊಡೋರ್, ರಿಯರ್ ಅಡ್ಮಿರಲ್, ವೈಸ್ ಅಡ್ಮಿರಲ್, ಅಡ್ಮಿರಲ್. ಮುಖ್ಯಸ್ಥರಾಗುವವರು ಕೊನೆಯ ಮೆಟ್ಟಿಲಿಗೆ, ಅಂದರೆ ಅಡ್ಮಿರಲ್ ಹುದ್ದೆಗೆ ಏರುತ್ತಾರೆ.

ತಿರುವನಂತಪುರದ ಆರ್. ಹರಿಕುಮಾರ್ 1983 ಜನವರಿ 1ರಂದು ಅಧಿಕಾರಿಯಾಗಿ ಸೇರಿದರು. ಮುಖ್ಯಸ್ಥರಾದದ್ದು 2021 ನವೆಂಬರ್ 30ರಂದು. ಲೆಕ್ಕ ಹಾಕಿ ನೋಡಿ, ಸುಮಾರು 39 ವರ್ಷ! ಅಧಿಕಾರ ವಹಿಸಿಕೊಂಡ ದಿನ ಅವರು ಎಲ್ಲರ ಎದುರಿಗೆ ತಾಯಿಯ ಕಾಲು ಮುಟ್ಟಿ ನಮಸ್ಕರಿಸಿದರು. ಆ ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅವರ ನಂತರ 2024 ಏಪ್ರಿಲ್ 30ರಂದು ದಿನೇಶ್ ಕುಮಾರ್ ತ್ರಿಪಾಠಿ ಬಂದರು. ಅವರು ಮಧ್ಯಪ್ರದೇಶದ ಸತ್ನಾ ಜಿಲ್ಲೆಯವರು. ಆ ರಾಜ್ಯಕ್ಕೆ ಕಡಲೇ ಇಲ್ಲ. ಕಡಲು ಕಾಯಲು ಕಡಲ ದಡದಲ್ಲೇ ಹುಟ್ಟಬೇಕು ಅಂತ ಇಲ್ಲ ಅಂತಾಯ್ತು.

ಹೆಸರು ತೀರ್ಮಾನ ಆಗುವುದು ಹೇಗೆ?

ಮುಖ್ಯಸ್ಥರ ನಿವೃತ್ತಿ ಹತ್ತಿರ ಬಂದಾಗ ಕೆಲಸ ಶುರುವಾಗುತ್ತದೆ. ಅದನ್ನು ಹಂತ ಹಂತವಾಗಿ ನೋಡೋಣ.

ಒಂದನೇ ಹಂತ: ಕುರ್ಚಿ ಖಾಲಿ ಆಗುವ ದಿನ ಯಾರು ಯಾರು ಇನ್ನೂ ಸೇವೆಯಲ್ಲಿ ಇರುತ್ತಾರೆ ಅಂತ ನೋಡುತ್ತಾರೆ. ವೈಸ್ ಅಡ್ಮಿರಲ್‌ಗಳಿಗೆ 60 ವರ್ಷಕ್ಕೆ ನಿವೃತ್ತಿ. ಆ ದಿನಕ್ಕಿಂತ ಮೊದಲೇ 60 ತುಂಬಿ ನಿವೃತ್ತರಾದವರು, ಎಷ್ಟೇ ಸಮರ್ಥರಾಗಿದ್ದರೂ, ಪಟ್ಟಿಯಿಂದ ಹೊರಗೆ.

ಎರಡನೇ ಹಂತ: ಉಳಿದವರಲ್ಲಿ ಅತಿ ಹಿರಿಯರಾದ ಕೆಲವರ ಕಡತ ರಕ್ಷಣಾ ಸಚಿವಾಲಯದಲ್ಲಿ ತಯಾರಾಗುತ್ತದೆ. ಯಾವ ಹಡಗು ನಡೆಸಿದರು, ಯಾವ ಕಮಾಂಡ್ ನೋಡಿಕೊಂಡರು, ಮೇಲಧಿಕಾರಿಗಳು ವರ್ಷ ವರ್ಷ ಏನು ಬರೆದರು, ಯಾವುದಾದರೂ ಆರೋಪ ಉಂಟಾ, ಎಲ್ಲ ಆ ಕಡತದಲ್ಲಿ ಇರುತ್ತದೆ.

ಮೂರನೇ ಹಂತ: ರಕ್ಷಣಾ ಮಂತ್ರಿಗಳ ಮೂಲಕ ಕಡತ ಸಂಪುಟದ ನೇಮಕಾತಿ ಸಮಿತಿಗೆ ಹೋಗುತ್ತದೆ. ಈ ಸಮಿತಿಗೆ ಪ್ರಧಾನಮಂತ್ರಿ ಅಧ್ಯಕ್ಷರು. ಗೃಹಮಂತ್ರಿ ಸದಸ್ಯರು. ಕೊನೆಯ ತೀರ್ಮಾನ ಇಲ್ಲೇ ಆಗುತ್ತದೆ.

ನಾಲ್ಕನೇ ಹಂತ: ಸರಕಾರ ಹೆಸರನ್ನು ಪ್ರಕಟಿಸುತ್ತದೆ. ಇದಕ್ಕೆ ಇಂತಿಷ್ಟೇ ದಿನ ಅಂತ ಇಲ್ಲ. 2019ರಲ್ಲಿ ಎರಡು ತಿಂಗಳಿಗಿಂತ ಮೊದಲೇ ಹೇಳಿದರು. 2024ರಲ್ಲಿ ಎರಡು ವಾರವೂ ಇಲ್ಲದಾಗ ಹೇಳಿದರು.

ಸಂದರ್ಶನ, ಪರೀಕ್ಷೆ, ಮತದಾನ ಯಾವುದೂ ಇಲ್ಲ. ಸಂಸತ್ತಿನ ಒಪ್ಪಿಗೆ ಬೇಕು ಅಂತಲೂ ಇಲ್ಲ. ಮುಖ್ಯಸ್ಥರಾದವರ ಮೂಲ ಸಂಬಳ ತಿಂಗಳಿಗೆ 2,50,000 ರೂಪಾಯಿ. ಏಳನೇ ವೇತನ ಆಯೋಗದ ಪ್ರಕಾರ ಮೂರೂ ಸೇನೆಗಳ ಮುಖ್ಯಸ್ಥರಿಗೆ ಇದು ಒಂದೇ.

ಹುಟ್ಟಿದ ತಾರೀಕಿನ ಬೆಲೆ

ಮುಖ್ಯಸ್ಥರ ಅವಧಿ ಮೂರು ವರ್ಷ, ಇಲ್ಲದಿದ್ದರೆ 62 ವಯಸ್ಸು. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. ಉದಾಹರಣೆ ನೋಡಿ.

ಸುನಿಲ್ ಲಾಂಬಾ 2016 ಮೇ 31ರಂದು ಮುಖ್ಯಸ್ಥರಾದರು. 2019 ಮೇ 31ಕ್ಕೆ ಮೂರು ವರ್ಷ ತುಂಬಿತು. ಆಗ ಅವರಿಗೆ 62 ತುಂಬಲು ಇನ್ನೂ ಒಂದೂವರೆ ತಿಂಗಳು ಇತ್ತು. ಆದರೂ ಇಳಿದರು. ಹರಿಕುಮಾರ್ ಅವರದ್ದು ಬೇರೆ ಕಥೆ. ಅವರು ಹುಟ್ಟಿದ್ದು 1962 ಏಪ್ರಿಲ್ 12. 2024 ಏಪ್ರಿಲಿನಲ್ಲಿ 62 ತುಂಬಿತು. ಆ ತಿಂಗಳ ಕೊನೆಯ ದಿನವೇ ನಿವೃತ್ತಿ. ಅವರಿಗೆ ಮೂರು ವರ್ಷ ಸಿಗಲಿಲ್ಲ. ಎರಡು ವರ್ಷ ಐದು ತಿಂಗಳು ಮಾತ್ರ ಸಿಕ್ಕಿತು.

ಕಾಗದದಲ್ಲಿ ಬರೆದ ಒಂದು ತಾರೀಕು ದೇಶದ ದೊಡ್ಡ ಹುದ್ದೆಯನ್ನೂ ತೀರ್ಮಾನಿಸುತ್ತದೆ. ಭೂಸೇನೆಯಲ್ಲಿ ಇದೇ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಗಿನ ಭೂಸೇನಾ ಮುಖ್ಯಸ್ಥ ವಿ.ಕೆ. ಸಿಂಗ್ ಅವರು ಹುಟ್ಟಿದ ವರ್ಷ ಒಂದು ದಾಖಲೆಯಲ್ಲಿ 1950, ಇನ್ನೊಂದರಲ್ಲಿ 1951 ಅಂತ ಇತ್ತು. ತಾನು ಹುಟ್ಟಿದ್ದು 1951ರಲ್ಲಿ ಅಂತ ಅವರು ಹೇಳಿದರು. ಸರಕಾರ 1950 ಅಂತಲೇ ಹಿಡಿಯಿತು. ಅವರು 2012 ಜನವರಿಯಲ್ಲಿ ಕೋರ್ಟಿಗೆ ಹೋದರು. ಫೆಬ್ರವರಿ 10ರಂದು ಅರ್ಜಿ ವಾಪಸು ತೆಗೆದುಕೊಂಡರು. ಆ ವರ್ಷ ಮೇ ತಿಂಗಳ ಕೊನೆಗೆ ನಿವೃತ್ತರಾದರು. ಹುಡುಗ ಪ್ರಾಯದಲ್ಲಿ ಸೇನೆ ಸೇರುವಾಗ ತುಂಬಿಸಿದ ಫಾರ್ಮಿನ ಒಂದು ಅಂಕಿ ನಲವತ್ತು ವರ್ಷ ಕಳೆದ ಮೇಲೂ ಬಿಡಲಿಲ್ಲ. ನಮ್ಮ ಮನೆಯ ಕಾಗದ ಪತ್ರಗಳಲ್ಲಿ ತಾರೀಕು ಸರಿ ಉಂಟಾ ಅಂತ ಓದಿ ನೋಡಬೇಕಾದ್ದು ಇದಕ್ಕೇ.

ಹಿರಿಯರೇ ಆಗಬೇಕಾ?

ಹೆಚ್ಚಿನ ಸಲ ಪಟ್ಟಿಯಲ್ಲಿ ಅತಿ ಹಿರಿಯರಾದವರೇ ಮುಖ್ಯಸ್ಥರಾಗುತ್ತಾರೆ. ಅದು ರೂಢಿ. ಆದರೆ ಹಿರಿಯರನ್ನೇ ಮಾಡಬೇಕು ಅಂತ ಕಾನೂನಿನಲ್ಲಿ ಬರೆದಿಲ್ಲ. ಸರಕಾರ ಬೇರೆಯವರನ್ನೂ ಆರಿಸಬಹುದು.

2014ರಲ್ಲಿ ಹೀಗಾಯಿತು. ಪಶ್ಚಿಮ ಕಮಾಂಡಿನ ಶೇಖರ್ ಸಿನ್ಹಾ ಹಿರಿಯರಾಗಿದ್ದರು. ಸರಕಾರ ಅವರನ್ನು ಬಿಟ್ಟು ರಾಬಿನ್ ಧೋವನ್ ಅವರನ್ನು ಏಪ್ರಿಲ್ 17ರಂದು ಮುಖ್ಯಸ್ಥರಾಗಿ ಮಾಡಿತು. 2019ರಲ್ಲಿ ಪುನಃ ಆಯಿತು. ಅಂಡಮಾನಿನಲ್ಲಿದ್ದ ವೈಸ್ ಅಡ್ಮಿರಲ್ ಬಿಮಲ್ ವರ್ಮಾ ಹಿರಿಯರು. ಸರಕಾರ ಆರಿಸಿದ್ದು ವಿಶಾಖಪಟ್ಟಣದ ಕರಂಬೀರ್ ಸಿಂಗ್ ಅವರನ್ನು. ವರ್ಮಾ ಅವರು ಸುಮ್ಮನೆ ಕೂರಲಿಲ್ಲ. ಸೇನೆಯವರ ದೂರು ಕೇಳುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರು. ಸರಕಾರಕ್ಕೂ ದೂರು ಬರೆದರು. ರಕ್ಷಣಾ ಸಚಿವಾಲಯ ದೂರನ್ನು ತಳ್ಳಿಹಾಕಿತು. ಕರಂಬೀರ್ ಸಿಂಗ್ ಮೇ 31ರಂದು ಅಧಿಕಾರ ವಹಿಸಿಕೊಂಡರು. ಹೆಲಿಕಾಪ್ಟರ್ ಪೈಲಟ್ ಆಗಿದ್ದವರು ನೌಕಾಪಡೆಯ ಮುಖ್ಯಸ್ಥರಾದದ್ದು ಅದೇ ಮೊದಲು.

ಯಾವುದು ಸರಿ? ಎರಡು ಕಡೆಯ ಮಾತೂ ಕೇಳಬೇಕು. ಹಿರಿತನವೇ ಇರಲಿ ಅನ್ನುವವರು ಹೀಗೆ ಹೇಳುತ್ತಾರೆ: ಹಿರಿತನ ಎಲ್ಲರಿಗೂ ಕಾಣುವ ಅಳತೆ. ಅದನ್ನು ಬಿಟ್ಟರೆ ಅಧಿಕಾರಿಗಳು ಮಂತ್ರಿಗಳ ಮನೆ ಬಾಗಿಲಲ್ಲಿ ನಿಲ್ಲಲು ಶುರು ಮಾಡಬಹುದು. ಸೇನೆಯೊಳಗೆ ರಾಜಕೀಯ ಬರಬಹುದು. ಬೇಡ ಅನ್ನುವವರು ಹೀಗೆ ಹೇಳುತ್ತಾರೆ: ಒಂದೆರಡು ತಿಂಗಳು ಮೊದಲು ಸೇವೆಗೆ ಸೇರಿದ್ದೇ ಯೋಗ್ಯತೆ ಅಲ್ಲ. ದೇಶದ ಕಡಲು ಕಾಯುವ ಕೆಲಸಕ್ಕೆ ಉತ್ತಮರು ಬೇಕು. ಎರಡರಲ್ಲೂ ಹುರುಳು ಉಂಟು. ಆದರೆ ಸಿನ್ಹಾ ಅವರನ್ನಾಗಲಿ ವರ್ಮಾ ಅವರನ್ನಾಗಲಿ ಬಿಟ್ಟದ್ದಕ್ಕೆ ಪೂರ್ತಿ ಕಾರಣವನ್ನು ಸರಕಾರ ಜನರ ಮುಂದೆ ಬಿಡಿಸಿ ಹೇಳಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಆಯ್ಕೆ ನಡೆದಾಗ ಅನುಮಾನ ಹುಟ್ಟುವುದು ಸಹಜ.

ಕುರ್ಚಿ ಬಿಟ್ಟವರು, ಕುರ್ಚಿಯಿಂದ ಇಳಿಸಿದವರು

ಅವಧಿ ಮುಗಿಯುವ ಮೊದಲೇ ಹೋದವರೂ ಇದ್ದಾರೆ. ಎರಡು ಘಟನೆ ತಿಳಿಯೋಣ. ಇವೆರಡರಲ್ಲಿ ಈ ಹುದ್ದೆಯ ನಿಜವಾದ ಗುಣ ಗೊತ್ತಾಗುತ್ತದೆ.

ಮೊದಲನೆಯದು 1998ರದ್ದು. ಆಗ ವಿಷ್ಣು ಭಾಗವತ್ ಮುಖ್ಯಸ್ಥರು. ರಕ್ಷಣಾ ಮಂತ್ರಿ ಜಾರ್ಜ್ ಫರ್ನಾಂಡಿಸ್. ಅವರು ನಮ್ಮ ಪಕ್ಕದ ಮಂಗಳೂರಿನಲ್ಲೇ ಹುಟ್ಟಿದವರು. ಹರಿಂದರ್ ಸಿಂಗ್ ಅನ್ನುವ ಅಧಿಕಾರಿಯನ್ನು ಉಪಮುಖ್ಯಸ್ಥ ಮಾಡಬೇಕು ಅಂತ ಸರಕಾರ ಆದೇಶ ಹೊರಡಿಸಿತು. ಆ ಹುದ್ದೆಗೆ ನೇಮಕ ಆಗುವಾಗ ಮುಖ್ಯಸ್ಥರ ಮಾತು ನಡೆಯಬೇಕು, ಈ ಆದೇಶ ಜಾರಿ ಮಾಡಲು ಆಗುವುದಿಲ್ಲ ಅಂತ ಭಾಗವತ್ ಹೇಳಿದರು. ಡಿಸೆಂಬರ್ 30ರಂದು ಸರಕಾರ ಅವರನ್ನೇ ಹುದ್ದೆಯಿಂದ ವಜಾ ಮಾಡಿತು. ಕೊಚ್ಚಿಯಲ್ಲಿದ್ದ ಸುಶೀಲ್ ಕುಮಾರ್ ಅವರನ್ನು ದೆಹಲಿಗೆ ಕರೆಸಿ ಮುಖ್ಯಸ್ಥರನ್ನಾಗಿ ಮಾಡಿದರು. ಸ್ವತಂತ್ರ ಭಾರತದಲ್ಲಿ ಒಂದು ಸೇನೆಯ ಮುಖ್ಯಸ್ಥರನ್ನು ವಜಾ ಮಾಡಿದ್ದು ಅದೇ ಮೊದಲು.

ವಜಾ ಮಾಡಲು ಅಧಿಕಾರ ಎಲ್ಲಿಂದ ಬಂತು? ಸಂವಿಧಾನದ 310ನೇ ವಿಧಿಯಿಂದ. ಸೇನೆಯಲ್ಲಿ ಇರುವವರು ರಾಷ್ಟ್ರಪತಿಯವರ ಇಚ್ಛೆ ಇರುವವರೆಗೆ ಮಾತ್ರ ಹುದ್ದೆಯಲ್ಲಿ ಇರಬಹುದು ಅಂತ ಅದು ಹೇಳುತ್ತದೆ.

ಗಮನಿಸಿ. ಅಡ್ಮಿರಲ್ ಅವರ ಮಾತು ಕೇಳಲು ಕಡಲಿನ ಮೇಲೆ ನೂರಾರು ತೋಪು ಇದ್ದವು. ಆದರೆ ಒಂದು ಗುಂಡೂ ಹಾರಲಿಲ್ಲ. ಒಂದು ಕಾಗದ ಬಂತು, ಅವರು ಹುದ್ದೆ ಬಿಟ್ಟರು. ಎಷ್ಟೋ ದೇಶಗಳಲ್ಲಿ ಇಂಥ ಜಗಳ ಆದಾಗ ಸೇನೆಯೇ ಸರಕಾರವನ್ನು ಇಳಿಸಿದ್ದುಂಟು. ಇಲ್ಲಿ ಹಾಗಾಗಲಿಲ್ಲ. ಹಾಗಂತ ಸರಕಾರವನ್ನು ಯಾರೂ ಪ್ರಶ್ನೆ ಮಾಡಲಿಲ್ಲ ಅಂತಲ್ಲ. ವಿಷಯ ಸಂಸತ್ತಿಗೆ ಬಂತು. ಜಯಲಲಿತಾ ಅವರ ಪಕ್ಷ ತನಿಖೆ ಆಗಲಿ ಅಂತ ಹಠ ಹಿಡಿಯಿತು. ಕೊನೆಗೆ ಸರಕಾರಕ್ಕೆ ಕೊಟ್ಟಿದ್ದ ಬೆಂಬಲ ವಾಪಸು ತೆಗೆದುಕೊಂಡಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. 1999 ಏಪ್ರಿಲ್ 17ರಂದು ವಾಜಪೇಯಿ ಸರಕಾರ ಒಂದೇ ಒಂದು ಮತದಿಂದ ಬಿತ್ತು. ಅಧಿಕಾರಿಯನ್ನು ಸರಕಾರ ಇಳಿಸಬಹುದು. ಸರಕಾರವನ್ನು ಲೋಕಸಭೆ ಇಳಿಸಬಹುದು. ಲೋಕಸಭೆಯನ್ನು ನಾವು ಬದಲಾಯಿಸಬಹುದು.

ಎರಡನೆಯದು 2014ರದ್ದು. ಡಿ.ಕೆ. ಜೋಶಿ ಮುಖ್ಯಸ್ಥರಾಗಿದ್ದಾಗ ಅವಘಡಗಳು ಒಂದರ ಮೇಲೆ ಒಂದು ಆದವು. 2013 ಆಗಸ್ಟ್ 14ರಂದು ಮುಂಬೈಯಲ್ಲಿ 'ಸಿಂಧುರಕ್ಷಕ' ಜಲಾಂತರ್ಗಾಮಿ ಸ್ಫೋಟವಾಗಿ ಮುಳುಗಿತು. 18 ಮಂದಿ ಸತ್ತರು. 2014 ಫೆಬ್ರವರಿ 26ರಂದು 'ಸಿಂಧುರತ್ನ' ಜಲಾಂತರ್ಗಾಮಿಯಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಸತ್ತರು. ಅದೇ ದಿನ ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಬೆಂಕಿ ಹಚ್ಚಿದ್ದು ಅವರಲ್ಲ. ಆದರೂ ತನ್ನ ಕೈಕೆಳಗೆ ನಡೆದದ್ದಕ್ಕೆ ತಾನೇ ಉತ್ತರ ಹೇಳಬೇಕು ಅಂದುಕೊಂಡರು. ಸರಕಾರ ಅದೇ ದಿನ ರಾಜೀನಾಮೆ ಒಪ್ಪಿತು. ಆಮೇಲೆ 50 ದಿನ ಪೂರ್ಣಾವಧಿ ಮುಖ್ಯಸ್ಥರೇ ಇರಲಿಲ್ಲ. ಉಪಮುಖ್ಯಸ್ಥರಾಗಿದ್ದ ಧೋವನ್ ತಾತ್ಕಾಲಿಕವಾಗಿ ನೋಡಿಕೊಂಡರು. ಮುಂದೆ ಅವರೇ ಮುಖ್ಯಸ್ಥರಾದರು.

ಅಮೆರಿಕದಲ್ಲಿ ಹೇಗೆ?

ಅಮೆರಿಕದಲ್ಲಿ ಅಧ್ಯಕ್ಷರು ಒಬ್ಬರ ಹೆಸರು ಸೂಚಿಸುತ್ತಾರೆ. ಆ ಹೆಸರಿಗೆ ಸೆನೆಟ್ ಅನ್ನುವ ಸಭೆ ಒಪ್ಪಿಗೆ ಕೊಡಬೇಕು. ಸೆನೆಟಿನ ಸಮಿತಿ ಆ ಅಧಿಕಾರಿಯನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳುತ್ತದೆ. ಜನ ಅದನ್ನು ಟಿ.ವಿ.ಯಲ್ಲಿ ನೋಡಬಹುದು. 2023 ನವೆಂಬರ್‌ನಲ್ಲಿ ಲೀಸಾ ಫ್ರಾಂಚೆಟ್ಟಿ ಅನ್ನುವ ಮಹಿಳೆ ಹೀಗೆ ಅಲ್ಲಿನ ನೌಕಾಪಡೆಯ ಮುಖ್ಯಸ್ಥೆಯಾದರು. ಅಲ್ಲಿ ಈ ಹುದ್ದೆಗೆ ಬಂದ ಮೊದಲ ಮಹಿಳೆ ಅವರು. ಆದರೆ 2025 ಫೆಬ್ರವರಿಯಲ್ಲಿ ಹೊಸ ಸರಕಾರ ಅವರನ್ನು ತೆಗೆಯಿತು. ಆರಿಸುವಾಗ ಬಾಗಿಲು ತೆರೆದಿತ್ತು. ತೆಗೆಯುವಾಗ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಯಾವ ಪದ್ಧತಿಯೂ ಪೂರ್ತಿ ಅಲ್ಲ.

ನಮ್ಮ ಮಕ್ಕಳು ಅಲ್ಲಿಗೆ ಹೋಗಬಹುದಾ?

ಹೋಗಬಹುದು. ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಎನ್.ಡಿ.ಎ. ಪರೀಕ್ಷೆ ಬರೆದು ನೌಕಾಪಡೆ ಸೇರಬಹುದು. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನ ಒಳಗೆ ಇರಬೇಕು. ವರ್ಷಕ್ಕೆ ಎರಡು ಸಲ ಪರೀಕ್ಷೆ ಉಂಟು. ಆಯ್ಕೆ ಆದರೆ ತರಬೇತಿಯ ಖರ್ಚು ಸರಕಾರದ್ದು. 2022ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಜಾಗ ಉಂಟು. 2025 ಮೇ ತಿಂಗಳಲ್ಲಿ 17 ಮಂದಿ ಹುಡುಗಿಯರ ಮೊದಲ ತಂಡ ಅಲ್ಲಿಂದ ಹೊರಬಂತು. ಇದಕ್ಕೆ ಮೊದಲೇ ತಯಾರಾಗಲು ಸೈನಿಕ ಶಾಲೆಗಳುಂಟು. ನಮಗೆ ಹತ್ತಿರದ್ದು ಕೊಡಗಿನದ್ದು. ಕೇರಳದ್ದು ಕಳಕ್ಕೂಟದಲ್ಲಿ. ಆರನೇ ತರಗತಿಗೆ ಸೇರುವ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ತ್ರಿಪಾಠಿ ಅವರು ಓದಿದ್ದೂ ಸೈನಿಕ ಶಾಲೆಯಲ್ಲೇ, ಮಧ್ಯಪ್ರದೇಶದ ರೀವಾದಲ್ಲಿ.

ನಲವತ್ತು ವರ್ಷದ ಲೆಕ್ಕ ನೆನಪುಂಟಲ್ಲ? ಇನ್ನು ನಲವತ್ತು ವರ್ಷಕ್ಕೆ ಮುಖ್ಯಸ್ಥರಾಗುವವರು ಬಹುಶಃ ಈಗ ಏಳಿಮಲದಲ್ಲಿ ಬೆಳಗ್ಗೆ ಎದ್ದು ಕವಾಯತು ಮಾಡುತ್ತಿದ್ದಾರೆ. ಅವರನ್ನು ಆರಿಸುವ ಸರಕಾರವನ್ನು ಆಗ ಆರಿಸುವವರು ನಮ್ಮ ಮಕ್ಕಳು, ಮೊಮ್ಮಕ್ಕಳು.

ಹೊಸ ಪದಗಳು

ನೇಮಕಾತಿ – ಒಬ್ಬರನ್ನು ಹುದ್ದೆಗೆ ತೆಗೆದುಕೊಳ್ಳುವುದು
ಜಲಾಂತರ್ಗಾಮಿ – ನೀರಿನ ಒಳಗೆ ಹೋಗುವ ಹಡಗು
ಸಂಪುಟ – ಹಿರಿಯ ಮಂತ್ರಿಗಳ ಗುಂಪು
ವಿಧಿ – ಸಂವಿಧಾನದ ಒಂದು ನಿಯಮ
ರೂಢಿ – ಬರೆದಿಡದಿದ್ದರೂ ನಡೆದು ಬಂದ ಕ್ರಮ
ವಜಾ – ಹುದ್ದೆಯಿಂದ ತೆಗೆದುಹಾಕುವುದು
ನೈತಿಕ ಹೊಣೆ – ತಾನೇ ತಪ್ಪು ಮಾಡದಿದ್ದರೂ ಮನಸ್ಸಾಕ್ಷಿಯಿಂದ ಹೊರುವ ಜವಾಬ್ದಾರಿ

ಓದಿ, ಉತ್ತರ ಹೇಳಿ

1. ನೌಕಾಪಡೆಯ ಮುಖ್ಯಸ್ಥರ ಹೆಸರನ್ನು ಕೊನೆಗೆ ತೀರ್ಮಾನಿಸುವ ಸಮಿತಿ ಯಾವುದು? ಅದರಲ್ಲಿ ಯಾರು ಇರುತ್ತಾರೆ?
2. ಒಬ್ಬರು 60 ವರ್ಷ 6 ತಿಂಗಳು ವಯಸ್ಸಿನಲ್ಲಿ ಮುಖ್ಯಸ್ಥರಾದರೆ ಅವರಿಗೆ ಸುಮಾರು ಎಷ್ಟು ಕಾಲ ಸಿಗುತ್ತದೆ? ಲೆಕ್ಕ ಮಾಡಿ.
3. ಅವಧಿಗೆ ಮೊದಲೇ ಹುದ್ದೆ ಬಿಟ್ಟ ಇಬ್ಬರು ಯಾರು? ಇಬ್ಬರ ಕಾರಣದಲ್ಲಿ ಏನು ವ್ಯತ್ಯಾಸ?

ಗುಂಪಿನಲ್ಲಿ ಮಾತಾಡಿ

ಹಿರಿಯರನ್ನು ಬಿಟ್ಟು ಬೇರೆಯವರನ್ನು ಆರಿಸಿದರೆ ಸರಕಾರ ಕಾರಣ ಹೇಳಬೇಕಾ, ಬೇಡವಾ? ಎರಡು ಗುಂಪು ಮಾಡಿಕೊಂಡು ವಾದ ಮಾಡಿ.

ಮನೆಯಲ್ಲಿ ಮಾಡಿ

ನಿಮ್ಮ ಆಧಾರ್, ಮತದಾರರ ಗುರುತಿನ ಚೀಟಿ, ಮಕ್ಕಳ ಶಾಲಾ ದಾಖಲೆ ಎಲ್ಲವನ್ನೂ ಎದುರಿಗೆ ಇಟ್ಟುಕೊಳ್ಳಿ. ಅವುಗಳಲ್ಲಿ ಬರೆದ ಹೆಸರು, ಹುಟ್ಟಿದ ತಾರೀಕು ಒಂದೇ ಉಂಟಾ ಅಂತ ನೀವೇ ಓದಿ ನೋಡಿ. ವ್ಯತ್ಯಾಸ ಇದ್ದರೆ ಬರೆದುಕೊಂಡು ಮುಂದಿನ ತರಗತಿಗೆ ತನ್ನಿ. ತಿದ್ದುಪಡಿಯ ಅರ್ಜಿಯನ್ನು ಎಲ್ಲರೂ ಕೂಡಿ ಬರೆಯೋಣ.